ಉಗುರುಬೆಚ್ಚಗೆ

ಈ ತಿಂಗಳಲ್ಲಿ ಮೂರನೇ ಸಲ ಬಂದಳು ಬೆರಿಲ್ ಸ್ಟಬ್ಸ್,
ಉದುರಿದ ಎರಡು ಉಗುರು ಕಾಗದದಲ್ಲಿ ಸುತ್ತಿಕೊಂಡು,
ಮಗುವಿನ ಹಾಲುಹಲ್ಲು ತಂದವಳ ಹಾಗೆ.
‘ಇನ್ನೊಂದು ಸಿಗಲಿಲ್ಲ,’ ಅಂದಳು.
‘ಕ್ಲಬ್ಬಿನಲ್ಲಿ ಬಿಂಗೋ ಅಂಕಿ ಕೂಗುತ್ತಾ ಮೇಜು ಕುಟ್ಟಿದೆ ನೋಡು,
ಹಾರಿ ಹೋಗಿ ಡೆಸ್ಮಂಡನ ಬಿಯರಿನಲ್ಲಿ ಬಿತ್ತು.
ಕುಡಿದೇಬಿಟ್ಟನೋ ಏನೋ, ಪುಣ್ಯಾತ್ಮ.’

ಗೋಂದು ಕಳಪೆ ಅಂತ ಅವಳು ಅನ್ನಲಿಲ್ಲ.
ಅನ್ನುವವನು ಮಾಲೀಕ:
‘ಕ್ವಿನ್, ಇನ್ನು ಮೇಲೆ ಪುಕ್ಕಟೆ ರಿಪೇರಿ
ನಿನ್ನ ಸಂಬಳದಿಂದ.’

ನಾನು ಎಲ್ಲ ಮಾಡಿದ್ದೆ.
ಅರದಿಂದ ಹೊಳಪು ಉಜ್ಜಿ, ಅಂಚಿನ ಪೊರೆ ಹಿಂದೆ ಸರಿಸಿ,
ಜಿಡ್ಡು ಒರೆಸಿ, ತೇವ ಹೀರಿಸಿ,
ಪ್ರೈಮರಿನ ಒಂದೇ ಒಂದು ತೊಟ್ಟು.
ನಾನು ಕೂರಿಸಿದ ಉಗುರು
ಹೋಟೆಲಿನಲ್ಲಿ ಪಾತ್ರೆ ತಿಕ್ಕುವವರ ಕೈಯಲ್ಲೂ ಮೂರು ವಾರ ಅಲುಗುವುದಿಲ್ಲ.

ಕೈ ಹಿಡಿದೆ. ಈ ಸಲ ಬಿಡದೆ ಹಿಡಿದೇ ಇದ್ದೆ.
ನಡುಬೆರಳು ಎರಡನೇ ಗೆಣ್ಣಿನವರೆಗೆ ಬಿಳಿ,
ಅಡಿಕೋಲಿಟ್ಟು ಗೆರೆ ಎಳೆದ ಹಾಗೆ.
ಗೆರೆಯಾಚೆ ಮೇಣದ ಬತ್ತಿ,
ಈಚೆ ಬೆರಿಲ್.
ನೋಡುತ್ತಿದ್ದಂತೆ ಬಿಳಿ ನೀಲಿಯಾಯಿತು.
ನನ್ನ ಪಟ್ಟಿಯಲ್ಲಿ ಮುನ್ನೂರ ಹನ್ನೆರಡು ಬಣ್ಣ,
ಈ ನೀಲಿ ಇಲ್ಲ.

ಮೂವತ್ತೊಂದು ವರ್ಷ ಗ್ರಿಮ್ಸ್‌ಬಿ ಬಂದರಿನ ಶೆಡ್ಡಿನಲ್ಲಿ
ಮಂಜುಗಡ್ಡೆಯ ನೀರೊಳಗೆ ಹ್ಯಾಡಕ್ ಸೀಳಿದ ಕೈ.
ಆಗ ಉಗುರು ಒಂದೆಳೆ ಬೆಳೆದರೂ
ಮೇಲ್ವಿಚಾರಕಿ ಕತ್ತರಿ ಹಿಡಿದು ಬರುತ್ತಿದ್ದಳಂತೆ.
ಅದಕ್ಕೇ ಈಗ ಉದ್ದ, ಅದಕ್ಕೇ ಕೆಂಪು.

ಅಂಟು ಉಗುರಿಗೆ ಹಿಡಿಯುತ್ತದೆ ಅಂತ ತರಬೇತಿಯಲ್ಲಿ ಕಲಿಸಿದರು.
ಉಗುರು ಏನನ್ನು ಹಿಡಿದುಕೊಂಡಿದೆ ಅಂತ ಕಲಿಸಲಿಲ್ಲ.
ಥೈರಾಯ್ಡಿನವಳ ಉಗುರು ಈರುಳ್ಳಿಯಂತೆ ಪದರ ಪದರ ಬಿಡುತ್ತದೆ.
ಕೀಮೋ ಮುಗಿಸಿ ಬಂದ ಹುಡುಗಿಯ ಹೆಬ್ಬೆರಳಲ್ಲಿ
ಒಂದೊಂದು ಡೋಸಿಗೆ ಒಂದೊಂದು ಅಡ್ಡ ತಗ್ಗು;
ನಾನು ಎಣಿಸಿದೆ, ನಾಲ್ಕು.
ಅವಳೂ ಎಣಿಸುತ್ತಿದ್ದಳು.
ರಕ್ತ ಕಡಿಮೆ ಇರುವ ಉಗುರು ಚಮಚದಂತೆ ಗುಳಿ ಬೀಳುತ್ತದೆ,
ಅದರ ಮೇಲೆ ಏನು ಕೂರಿಸಿದರೂ ಕೆಳಗೆ ಗಾಳಿ.
ಹೇಳಬೇಕು ಅನಿಸುತ್ತದೆ. ಹೇಳುವುದಿಲ್ಲ.
ಗೋಡೆಯ ಮೇಲಿನ ನನ್ನ ಸರ್ಟಿಫಿಕೇಟು
ಉಗುರಿನ ಬುಡಕ್ಕೇ ಮುಗಿಯುತ್ತದೆ.

ಬೆರಿಲ್‌ಗೆ ಹೇಳಿದೆ: ‘ಡಾಕ್ಟರಿಗೆ ತೋರಿಸು.’
‘ಹೋಗಿದ್ದೆ ಕಣೇ. ಬೆರಳಿಗೆ ಒಂದು ಕ್ಲಿಪ್ಪು ಸಿಕ್ಕಿಸಬೇಕು,
ಮಿಷನ್ನು ಓದುವುದಿಲ್ಲ, ಈ ಉಗುರು ತೆಗಿ ಅಂದಳು.
ನಿನಗಿಂತ ಚಿಕ್ಕವಳು.
ಬ್ಯಾಗು ಎತ್ತಿಕೊಂಡು ಎದ್ದು ಬಂದೆ.’

ನಾನು ಏನೂ ಅನ್ನಲಿಲ್ಲ.
ಬಟ್ಟಲಿಗೆ ನೀರು ಹಾಕಿದೆ. ಬಿಸಿ ಅಲ್ಲ:
ಸತ್ತ ಬೆರಳಿಗೆ ಬಿಸಿ ಗೊತ್ತಾಗುವುದಿಲ್ಲ, ಸುಟ್ಟ ಮೇಲೆ ಗೊತ್ತಾಗುತ್ತದೆ.
ಉಗುರುಬೆಚ್ಚಗೆ.
ಮಾಲೀಕ ಗಡಿಯಾರ ನೋಡಿದ, ನನ್ನನ್ನು ನೋಡಿದ,
ಮತ್ತೆ ಗಡಿಯಾರ.
ಇಪ್ಪತ್ತು ನಿಮಿಷಕ್ಕೆ ಕೆಂಪು ಬಂತು, ಸೂಜಿ ಚುಚ್ಚುತ್ತಾ.
ಬೆರಿಲ್ ಹಲ್ಲು ಕಚ್ಚಿ ಬೈದಳು,
ಮೀನಿನ ಶೆಡ್ಡಿನ ಬೈಗುಳ;
ನನಗೆ ಅರ್ಧ ಅರ್ಥವಾಗಲಿಲ್ಲ.

ಒರೆಸಿದೆ. ಒಣಗಲು ಬಿಟ್ಟೆ.
ಈ ಸಲ ಗಿಡ್ಡ ಉಗುರು: ಸನ್ನೆ ಕಡಿಮೆ, ಕೀಳುವ ಬಲವೂ ಕಡಿಮೆ.
ಎಡಗೈ ತೋರುಬೆರಳಿಗೆ ಬಂದಾಗ
ಕುಂಚ ಕೆಳಗಿಟ್ಟೆ.
‘ಇದು ಬರಿಯ ಬೆರಳು. ಆ ಹುಡುಗಿಯ ಕ್ಲಿಪ್ಪಿಗೆ.’

ಬಹಳ ಹೊತ್ತು ಬೆರಳನ್ನೇ ನೋಡಿದಳು,
ಯಾರದೋ ಬೆರಳು ಎಂಬಂತೆ.
ಅವರ ಆಟದಲ್ಲಿ ಅಂಕಿಗೊಂದು ಅಡ್ಡಹೆಸರಂತೆ.
ಆಮೇಲೆ ಕ್ಲಬ್ಬಿನ ದನಿ ತೆಗೆದು,
ಅಂಗಡಿಯೆಲ್ಲ ತಿರುಗಿ ನೋಡುವಂತೆ ಕೂಗಿದಳು:
‘ಡಾಕ್ಟರ ಅಪ್ಪಣೆ — ಒಂಬತ್ತು!’

ಬಿಲ್ಲಿನಲ್ಲಿ ಒಂಬತ್ತು ಅಂತಲೇ ಬರೆದೆ.
ಗುರುವಾರದ ಆಟದವರೆಗಾದರೂ
ನಿಂತರೆ ಸಾಕು.