ಮತ್ತು ಇತರರು

ಶಿಡ್ಲಘಟ್ಟದ ತಾಲೂಕು ಕಚೇರಿ ಗೇಟಿನ ಎಡಕ್ಕೆ, ಹೊಂಗೆಮರದಡಿ,
ಮೂವತ್ತೊಂದು ವರ್ಷದಿಂದ ಕೂತಿದ್ದೇನೆ.
ಟೈಪ್‌ರೈಟರು ಹೋಗಿ ಲ್ಯಾಪ್‌ಟಾಪು ಬಂತು,
‘ಮಾನ್ಯರೆ’ ಮಾತ್ರ ಹಾಗೇ ಇದೆ.

ಇವತ್ತು ಶಮ್ಶಾದ್‌ಬೀ ಬಂದಳು.
ನೂಲು ತೆಗೆಯುವವಳು, ಆರು ಬಾಣಲೆಯ ಮನೆ,
ಏರಿಗೆ ಬೆನ್ನುಕೊಟ್ಟ ಬೀದಿ.
ಬಿಸಿನೀರಿಗೆ ಬೆರಳೆಲ್ಲ ಬೆಳ್ಳಗೆ ಸವೆದು
ರೇಷನ್ ಅಂಗಡಿಯ ಯಂತ್ರಕ್ಕೆ ಅವಳ ಹೆಬ್ಬೆಟ್ಟು ಸಿಗುವುದಿಲ್ಲ.

ಮೊದಲು ಬರೆದೆ:
ವಿಷಯ: ಕೆರೆ ಏರಿ ದುರಸ್ತಿ ಹಾಗೂ ವಿಮಾ ಕಂತಿಗೆ ಸಹಾಯಧನ ಕೋರಿ.

“ಮದ್ರಾಸಿನ ಕಡೆ ತೂಫಾನೆದ್ದ ರಾತ್ರಿ ಸಾರ್,
ಎಂಬತ್ತು ಕೇಜಿ ಗೂಡು ಅವತ್ತೇ ತಂದಿದ್ದೆ.
ಕುದಿಯೋ ನೀರಿಗೆ ಹಾಕಿದ್ರೆ ಗೂಡು
ತಾನಾಗೇ ಎಳೆಯ ತುದಿ ಕೊಡುತ್ತೆ.
ಕೆರೆನೀರಲ್ಲಿ ರಾತ್ರಿಯೆಲ್ಲ ತೇಲಿದ್ದು
ಎಷ್ಟು ಹುಡುಕಿದ್ರೂ ತುದಿ ಕೊಡಲ್ಲ.”

ಬರೆದೆ:
ಅಪಾರ ನಷ್ಟ ಸಂಭವಿಸಿರುತ್ತದೆ.

“ನೀರಗಂಟಿ ಪಿಳ್ಳಪ್ಪ ಮೂರು ವರ್ಷದಿಂದ ಹೇಳ್ತಾನೇ ಇದ್ದ.
ಏರಿ ಮೇಲೆ ಜಾಲಿ ಬೆಳೆದೈತೆ, ಬೇರು ಹೋದ ದಾರೀಲೇ ನೀರೂ ಹೋಗ್ತದೆ ಅಂತ.
ತೂಬಿನ ಬುಡಕ್ಕೆ ಅಂಗಾಲಿಟ್ಟು ನೋಡಿ
ಮಣ್ಣು ಬೆವರ್ತಾ ಐತೆ ಅಂದ.
ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ ಸಾರ್,
ಇಪ್ಪತ್ತು ವರ್ಷ ನೀರೇ ಕಾಣದ ಕೆರೆ,
ಅದರಲ್ಲಿ ಹುಡುಗರು ಕ್ರಿಕೆಟ್ ಆಡ್ತಿದ್ರು.”

ಬರೆದೆ:
ಈ ಹಿಂದೆ ಮೌಖಿಕವಾಗಿ ಮನವಿ ಮಾಡಲಾಗಿರುತ್ತದೆ.

ಆಮೇಲೆ ತಡೆದೆ. ಯಾರಿಗೆ ಬರೆಯಲಿ?
ಅಚ್ಚುಕಟ್ಟು ನಲವತ್ತು ಹೆಕ್ಟೇರಿಗಿಂತ ಕಮ್ಮಿಯಾದರೆ ಜಿಲ್ಲಾ ಪಂಚಾಯ್ತಿ,
ಜಾಸ್ತಿಯಾದರೆ ಸಣ್ಣ ನೀರಾವರಿ.
ಅಚ್ಚುಕಟ್ಟಿನ ಗದ್ದೆಯಲ್ಲೀಗ ಇರುವುದು ಶಮ್ಶಾದ್‌ಬೀ ಬೀದಿ, ಎರಡು ಶಾಲೆ, ಒಂದು ಕಲ್ಯಾಣಮಂಟಪ.
ಅದನ್ನು ಅಳೆಯುವವರು ಯಾರು?
ಇಬ್ಬರಿಗೂ ಬರೆದೆ. ಪುರಸಭೆಗೊಂದು ಪ್ರತಿ.

ಒಡೆದ ಜಾಗಕ್ಕೆ ಮರಳುಮೂಟೆ ಪೇರಿಸಿದ್ದಾರೆ.
ಕಾರು ಹೋಗುವಷ್ಟು ದೂರ ಗ್ರಾವೆಲ್ಲೂ ಬಿದ್ದಿದೆ,
ಕಾರು ತಿರುಗಿಸುವಲ್ಲಿ ನಿಂತಿದೆ.
ಅಲ್ಲಿಂದಾಚೆ ಆರುನೂರು ಮೀಟರು ಏರಿ
ಅಂದಾಜುಪಟ್ಟಿಯಲ್ಲಿ ಗಟ್ಟಿಯಾಗಿದೆ.

“ವಿಮೆ?” ಅಂದೆ.
“ಬೈರಾರೆಡ್ಡಿ ಬಂದಿದ್ದ ಸಾರ್, ಬ್ಯಾಗು ಹಿಡ್ಕೊಂಡು.
ನಿಮ್ಮದು ಬರದ ತಾಲೂಕಮ್ಮ, ಪ್ರವಾಹಕ್ಕೆ ಕಂತು ಯಾಕೆ ಕಟ್ತೀರಿ ಅಂದ ಹೋದ ವರ್ಷ.
ಈ ವರ್ಷ ಬಂದು, ಒಡೆದ ಏರಿ ಕೆಳಗಿದ್ದೀರಿ,
ಒಂಬತ್ತು ಸಾವಿರದ ನಾನೂರು ಆಗ್ತದೆ ಅಂದ.
ನೀರು ಬರೋಕೆ ಮೊದಲು ಬೇಡ, ಬಂದ ಮೇಲೆ ಆಗಲ್ಲ.
ಅರ್ಧ ಸರಕಾರ ಕೊಡಲಿ, ಅರ್ಧ ನಾವು.
ಬೀದೀಲಿ ನಲವತ್ಮೂರು ಮನೆ ಐತೆ, ಚೀಟಿ ಹಾಕೋರು ನಾವು,
ತಿಂಗಳಾ ಕಟ್ಟೋದು ಯಾರೂ ಹೇಳಿಕೊಡಬೇಕಿಲ್ಲ.”

ಇದನ್ನು ಅವಳು ಹೇಳಿದ ಹಾಗೇ ಬರೆದೆ.
ತಿದ್ದಲು ಹೋದೆ, ಕೈ ಬರಲಿಲ್ಲ.

“ಇನ್ನೊಂದು ಸಾಲು ಸೇರಿಸಿ ಸಾರ್:
ಓದೋ ಸಾಹೇಬರು ಒಂದು ರಾತ್ರಿ ಬಂದು
ನಮ್ಮ ಅಡುಗೆಮನೇಲಿ ಮಲಗಲಿ.
ಮೋಡ ಗುಡುಗಿದ್ರೆ ಗೋಡೆಗೆ ಕಿವಿ ಇಡಲಿ.”
ಅರ್ಜಿಯಲ್ಲಿ ಹಾಗೆಲ್ಲ ಬರೆಯೋಕಾಗಲ್ಲಮ್ಮ ಅಂದೆ.
“ಹೌದಾ?” ಅಂದಳು. ಅಷ್ಟೇ.

ಪ್ರಿಂಟು ತೆಗೆದೆ. ಹೆಬ್ಬೆಟ್ಟಿಗೆ ಶಾಯಿ ಹಚ್ಚಿದೆ.
ಗೆರೆಯಿಲ್ಲದ ಒಂದು ನೀಲಿ ಚುಕ್ಕಿ,
ಅದರ ಕೆಳಗೆ, ಎಲ್ಲ ಅರ್ಜಿಯಲ್ಲೂ ಹಾಕುವ ಹಾಗೆ,
‘ಮತ್ತು ಇತರರು’.

ಇತರರು ಯಾರು ಅಂತ ಈವರೆಗೆ ಯಾರೂ ಕೇಳಿಲ್ಲ.
ನನ್ನ ಮನೆ ಇರುವುದು ಅವಳ ಬೀದಿಯಿಂದ ಎರಡು ಬೀದಿ ಕೆಳಗೆ.
ಆ ರಾತ್ರಿ ನೀರು ಬಂದು ನಮ್ಮ ಹೊಸ್ತಿಲಲ್ಲಿ
ಒಂದು ಗೂಡು ಬಿಟ್ಟು ಹೋಗಿತ್ತು. ಹಳದಿ ಗೂಡು.
ಮೊಮ್ಮಗಳು ಅದನ್ನು ಕಿಟಕಿಯಲ್ಲಿಟ್ಟಿದ್ದಾಳೆ.

ಪೆನ್ನು ತೆಗೆದು ಅಲ್ಲೇ ಕೆಳಗೆ ಸಹಿ ಮಾಡಿದೆ.
ಅರವತ್ತು ರೂಪಾಯಿ ಇಸಕೊಂಡೆ,
ಅದು ಬೇರೆ ಲೆಕ್ಕ.