ಕೊಕ್ಕೆ

ಟಮಕದ ಶೆಡ್ಡಿನಲ್ಲಿ ನಾವು ಹಾಲಿನ ಟ್ಯಾಂಕರು ಕಟ್ಟುವವರು.
ಆ ವರ್ಷ ಬಂದ ಆರ್ಡರಿಗೆ ಹೆಸರಿರಲಿಲ್ಲ.
ಒಂದು ಉರುಳೆ, ಒಂಬತ್ತು ಮೀಟರು,
ಎರಡು ಆಳು ಮೊಣಕಾಲಿಗೆ ಮೊಣಕಾಲು
ತಾಗಿಸಿ ಕೂರುವಷ್ಟು.
ಹಾಲು ಒಳಗೆ ನಿಲ್ಲಬೇಕು, ಅದು ನಮ್ಮ ಕಸುಬು.
ಇದಕ್ಕೆ ನೀರು ಹೊರಗೆ ನಿಲ್ಲಬೇಕು.
ಬೆಸುಗೆ ಅದೇ, ಭಯ ತಿರುಗುಮುರುಗು.

ಕಡಲು ಕಂಡವರು ಇಬ್ಬರೇ:
ತಿರುಪತಿಯಿಂದ ಹಾಗೇ ಚೆನ್ನೈಗೆ ಹೋಗಿಬಂದ ಗಂಗುಲಪ್ಪ,
ನಕ್ಷೆ ಸುತ್ತಿಕೊಂಡು ಬಂದ ಎಂಜಿನಿಯರು.
ಒಬ್ಬ ಅಂದ, ಸದ್ದೋ ಸದ್ದು.
ಇನ್ನೊಬ್ಬರು ಅಂದರು, ಸದ್ದೇ ಕೂಡದು.
ಪಂಪಿನಡಿ ರಬ್ಬರು, ಮೋಟಾರಿನಡಿ ರಬ್ಬರು,
ಸ್ಪ್ಯಾನರಿಗೂ ಬಟ್ಟೆ ಹೊದಿಸಿದ ಗೂಡು.
ಒಂದು ನಟ್ಟು ಬಿದ್ದರೂ ಸಾಕಂತೆ,
ಎಲ್ಲೋ ಒಬ್ಬ ಕಡಲಿಗೆ ಕಿವಿಯಿಟ್ಟು ಕೂತಿರುತ್ತಾನಂತೆ.

ನಕ್ಷೆಯಲ್ಲಿ ಹೋಗುವ ದಾರಿಗೆ ಗಟ್ಟಿ ಗೆರೆ,
ಬರುವ ದಾರಿಗೆ ಚುಕ್ಕಿ ಚುಕ್ಕಿ.
"ಬ್ಯಾಟರಿ ಸಾಲ್ತದಾ ಸಾರ್?" ಅಂದೆ.
"ನಿಧಾನಕ್ಕೆ ಬಂದರೆ" ಅಂದು
ಟೀ ಲೋಟವನ್ನು ಚುಕ್ಕಿಗಳ ಮೇಲಿಟ್ಟರು.
ಆಮೇಲೆ, ಯಾರೂ ಕೇಳದೆ:
"ಇದರಲ್ಲಿ ಹೋದವರು ಹೋಗೇ ಇಲ್ಲ. ತಿಳೀತಾ?"

ಅರುಳಪ್ಪ ತಲೆಯೆತ್ತಲಿಲ್ಲ.
ಚಾಂಪಿಯನ್ ರೀಫಿನಲ್ಲಿ ಹತ್ತೊಂಬತ್ತು ವರ್ಷ ಪೈಪು ಜೋಡಿಸಿದವನು,
ಎರಡು ಮೈಲಿ ಕೆಳಗೆ
ಬಿಸಿ ಬಂಡೆಗೆ ಬೆನ್ನು ಕೊಟ್ಟು ಬುತ್ತಿ ಉಂಡವನು.
ಒಂದು ಮಧ್ಯಾಹ್ನ ಉರುಳೆಯೊಳಗೆ ತೂರಿ
ಮುಚ್ಚಳ ಎಳೆದುಕೊಂಡ.
ಬೀಡಿ ಹಚ್ಚಿದೆವು, ಆರಿಸಿದೆವು, ಕಾದೆವು.
ಒಳಗಿಂದ ಮೂರು ಬಡಿತ, ಬಿಟ್ಟು ಒಂದು.
ಗಣಿಯಲ್ಲಿ ಅದಕ್ಕೊಂದು ಅರ್ಥವಿತ್ತಂತೆ. ಹೇಳಲಿಲ್ಲ.
"ನಿನ್ನ ಉಸಿರೇ ಗೋಡೆ ಹತ್ತಿ
ಕತ್ತಿನ ಮೇಲೆ ತೊಟ್ಟಿಕ್ತದೆ" ಅಂದ, ಮುಖ ಒರೆಸಿಕೊಂಡ.

ಮಾರನೇ ಬೆಳಿಗ್ಗೆ ಹಿಂದಿನ ಸೀಟಿನ ಎಡಕ್ಕೆ ಒಂದು ಕೊಕ್ಕೆ.
ನಕ್ಷೆಯಲ್ಲಿಲ್ಲದ್ದು. ಬೆರಳುದ್ದ.
ತುದಿ ತಿಕ್ಕಿ ತಿಕ್ಕಿ ನುಣುಪು ಮಾಡಿದ್ದು.
ಎಂಜಿನಿಯರು ತೂಕದ ಪುಸ್ತಕ ಬಿಚ್ಚಿದರು. "ಏನಿದು?"
"ಅಂಗಿಗೆ ಸಾರ್. ಗಣಿಗಿಳಿಯೋನು ಅಂಗಿ ಕೊಕ್ಕೆಗೆ ಹಾಕ್ತಾನೆ.
ಸಂಜೆ ಅಲ್ಲೇ ನೇತಾಡ್ತಿದ್ರೆ
ಒಬ್ಬ ಮೇಲೆ ಬಂದಿಲ್ಲ ಅಂತ ಲೆಕ್ಕ."
"ಅದು ಮೇಲಿರಬೇಕಲ್ವಯ್ಯಾ? ಒಳಗಿದ್ದರೆ ಯಾರು ನೋಡೋದು?"
"ಮೇಲೆ ಯಾರೂ ಎಣಿಸಲ್ಲ ಅಂದ್ರಲ್ಲ ಸಾರ್ ನೀವು."

ಇನ್ನೂರು ಗ್ರಾಂ.
ಗ್ರೈಂಡರು ಹಿಡಿದವನು ನಾನೇ.
ಕಿಡಿ ಹಾರಿ ಹಾರಿ ನಿಂತಾಗ ಉಳಿದದ್ದು
ಉಗುರಿನಷ್ಟು ಹೊಳಪು;
ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ.
ಅದಕ್ಕೆ ಬಣ್ಣ ಬಳಿಯುವುದು ಬೇಕೆಂದೇ ಮರೆತೆ.

ಟಾರ್ಪಾಲಿನ ಮೇಲೆ ಹಸುವಿನ ಚಿತ್ರ ಕಟ್ಟಿಕೊಂಡು
ಮುಳಬಾಗಿಲ ದಾರಿ ಹಿಡಿಯಿತು ಲಾರಿ.
ಟೋಲಿನ ಹುಡುಗ ಕೇಳಿದನಂತೆ, ಎಷ್ಟು ಲೀಟರು ಎಂದು.
ಬಿಲ್ಲಿನಲ್ಲಿ ಬರೆದದ್ದು: ಟ್ಯಾಂಕರು, ಒಂದು.

ಆಮೇಲಿನದು ಗೊತ್ತಿಲ್ಲ.
ಪೇಪರಿನಲ್ಲಿ ಬಾರದ್ದನ್ನು ಹುಡುಕುತ್ತಾ
ಪೇಪರು ಓದುವ ಚಟ ನನಗೆ.

ಶೆಡ್ಡಿನ ಗೋಡೆಗೆ ಈಗ ಎರಡು ಕೊಕ್ಕೆ ಹೆಚ್ಚಿವೆ.
ಹೊಸ ಹುಡುಗನೊಬ್ಬ ಅದಕ್ಕೆ ಟಿಫನ್ ಚೀಲ ತೂಗುಹಾಕಿದ್ದ.
ಅರುಳಪ್ಪ ಒಂದೂ ಮಾತಿಲ್ಲದೆ ಅದನ್ನಿಳಿಸಿ
ಬೆಂಚಿನ ಮೇಲಿಟ್ಟ.