ಟಿಕೆಟ್ಟಿನ ಹಿಂದೆ ಬರೆದದ್ದು

ನೆಹರೂ ರೋಡಿನ ಅಂಗಡಿ ಹುಡುಗ ನನ್ನ ಕಾಲು ನೋಡಿದ,
ಮುಖ ನೋಡಲಿಲ್ಲ.
"ಈ ಅಗಲದ್ದು ಇಲ್ಲಿಲ್ಲ ಮೇಡಂ, ಆನ್‌ಲೈನಲ್ಲಿದೆ.
ನಮ್ಮದೇ ಕಾರ್ಡಲ್ಲಿ ತಗೊಂಡ್ರೆ ಐನೂರು ಕಮ್ಮಿ."
ಹದಿನಾರು ವರ್ಷ ಓಡುವ ಬಸ್ಸಿನಲ್ಲಿ ನಿಂತ ಪಾದ,
ಸಂಜೆ ಹೊತ್ತಿಗೆ ಚಪ್ಪಲಿಯ ಪಟ್ಟಿ ಚರ್ಮದೊಳಗೆ ಕೂತಿರುತ್ತದೆ.
ಸರಿ ಅಂದೆ. ಅವನು ಬೆರಳಿಟ್ಟಲ್ಲೆಲ್ಲ ಸಹಿ ಹಾಕಿದೆ.

ಕಾರ್ಡು ಬಂತು. ನೇರಳೆ ಬಣ್ಣ.
ಹೆಸರು ಉಬ್ಬಿ ಕೂತಿತ್ತು, ಗುತ್ಯಮ್ಮ ಸಿ,
ಕತ್ತಲಲ್ಲೂ ಬೆರಳಿಗೆ ಸಿಗುವ ಹಾಗೆ.
ಮೂರು ದಿನ ಚೀಲದ ಒಳಜೇಬಿನಲ್ಲಿಟ್ಟು
ಆಗಾಗ ಮುಟ್ಟಿ ನೋಡಿದೆ.

ನಾಲ್ಕನೇ ದಿನ, ಆರೂ ಮುಕ್ಕಾಲರ ತೀರ್ಥಹಳ್ಳಿ ಗಾಡಿ.
ಜನ ಹತ್ತುವ ಮೊದಲು ಫೋನು ತೆಗೆದೆ.
ಕೊನೆಯ ಹೆಸರು ಕೇಳಿತು.
ಸಿ ಅಂತ ಒತ್ತಿದೆ. ಎರಡಕ್ಷರವಾದರೂ ಬೇಕಂತೆ.
ಸಿ ಅಂದರೆ ಚಂದ್ರಗುತ್ತಿ. ಊರನ್ನು ಪೂರ್ತಿ ಬರೆದೆ.
ಕಾರ್ಡಿಗೆ ಹೊಂದುವುದಿಲ್ಲವಂತೆ.
"ಸಿಸಿ ಅಂತ ಹಾಕಕ್ಕ," ಅಂದ ಡ್ರೈವರ್ ಕರಿಬಸಣ್ಣ,
"ಅದೇನು ಹೆಸರು ಓದತ್ತಾ? ಎಣಿಸತ್ತೆ ಅಷ್ಟೆ."
ಎಣಿಸಿತು. ಒಪ್ಪಿತು.

ಟಿಕೆಟ್ ಹರಿಯುತ್ತ, ನಡುನಡುವೆ ವಿಳಾಸ ತುಂಬುತ್ತ
ಗಾಜನೂರು ಬಂದಾಗ ಕೊನೆಯ ಗುಂಡಿ ಒತ್ತಿದೆ.
ಆರು ಅಂಕಿ ಕಳಿಸಿದ್ದೇವೆ, ಹತ್ತು ನಿಮಿಷದೊಳಗೆ ಹೇಳಿ.
ಸಕ್ರೆಬೈಲಿನಲ್ಲಿ ಫೋನಿನ ಕಡ್ಡಿಗಳು
ಒಂದೊಂದಾಗಿ ಇಳಿದು ಹೋದವು,
ಚೆಕಿಂಗ್ ಜೀಪು ಕಂಡ, ಟಿಕೆಟ್ಟಿಲ್ಲದವರ ಹಾಗೆ.
ಎಡಕ್ಕೆ ತುಂಗೆ. ಬಲಕ್ಕೆ ಕಾಡು.
ಕೈ ಎತ್ತಿ ಹಿಡಿದೆ, ಕಿಟಕಿಯಾಚೆ ಹಿಡಿದೆ,
"ಕಂಡಕ್ಟ್ರಮ್ಮ ಆರತಿ ಎತ್ತುತಾ ಇದಾರೆ" ಅಂದ ಹಿಂದಿನ ಸೀಟಿನವ.
ನನ್ನ ಎದೆಯ ಮೇಲಿನ ಮಿಷನ್ನು ಮಾತ್ರ
ಯಾವ ತಿರುವಿನಲ್ಲೂ ಕರ್ರ್ ಅಂತ ಚೀಟಿ ಕೊಡುತ್ತಲೇ ಇತ್ತು,
ಹೆಂಗಸರಿಗೆ ಸೊನ್ನೆ ರೂಪಾಯಿ, ಗಂಡಸರಿಗೆ ಪೂರ್ತಿ.

ಮಂಡಗದ್ದೆಯಲ್ಲಿ ಆರು ಅಂಕಿ ಬಂತು,
ಹಳಸಿದ ಮೇಲೆ.
ಮತ್ತೆ ಕೇಳಿದೆ. ಮತ್ತೆ ತಿರುವು.
ಮೂರನೇ ಸಲಕ್ಕೆ ಕಾರ್ಡೇ ಬಾಗಿಲು ಹಾಕಿಕೊಂಡಿತು.
ತೀರ್ಥಹಳ್ಳಿ ಸ್ಟ್ಯಾಂಡಿನಲ್ಲಿ ಇನ್ನೊಂದು ಸಂದೇಶ:
ಎರಡು ಸಾವಿರದ ನೂರಾ ತೊಂಬತ್ತು ಕಡಿತವಾಗಿದೆ.
ಅದರ ಕೆಳಗೆ: ನಿಮ್ಮ ಆರ್ಡರ್ ಆಗಿಲ್ಲ.

ಚಹಾ ಆರುವ ತನಕ ಒಂದು ಒತ್ತಿದೆ, ನಾಲ್ಕು ಒತ್ತಿದೆ, ಒಂಬತ್ತು ಒತ್ತಿದೆ.
ಕೊನೆಗೆ ಒಬ್ಬ ಹುಡುಗಿ ಹುಟ್ಟಿದ ತಾರೀಕು ಕೇಳಿದಳು.
ಜೂನ್ ಒಂದು ಅಂದೆ, ಅದು ಶಾಲೆ ಮೇಷ್ಟ್ರು ಕೊಟ್ಟಿದ್ದು.
ಅಲ್ಲ ಅಂದಳು.
ಜನವರಿ ಒಂದು ಅಂದೆ, ಅದು ಆಧಾರಿನವರು ಕೊಟ್ಟಿದ್ದು.
ಹಾಂ, ಸರಿ ಅಂದಳು.
ನಮ್ಮವ್ವನ ಲೆಕ್ಕದಲ್ಲಿ ನಾನು ಹುಟ್ಟಿದ್ದು ನಟ್ಟಿ ಮುಗಿದ ಮಾರನೇ ದಿನ.
ಅವಳ ಪಟ್ಟಿಯಲ್ಲಿ ಅಂಥ ದಿನ ಇರಲಿಕ್ಕಿಲ್ಲ.
"ಏಳು ಕೆಲಸದ ದಿನದೊಳಗೆ ದುಡ್ಡು ವಾಪಸ್ ಬರತ್ತೆ ಮೇಡಂ."
ಯಾರ ಕೆಲಸದ ದಿನ ಅಂತ ಕೇಳಲಿಲ್ಲ.
ನನಗೆ ಭಾನುವಾರವೂ ಡ್ಯೂಟಿ.

ವಾಪಸ್ ಬರುವಾಗ ಒಬ್ಬಾತ ನೂರರ ನೋಟು ಕೊಟ್ಟ.
ಚಿಲ್ಲರೆ ಇರಲಿಲ್ಲ. ಟಿಕೆಟ್ಟಿನ ಹಿಂದೆ
ಮೂವತ್ತೆಂಟು ಅಂತ ಬರೆದು ಸುತ್ತ ಗೆರೆ ಎಳೆದೆ.
"ಇಳಿಯುವಾಗ ತಗೊಳ್ಳಿ."
ಅವನು ಚೀಟಿ ನೋಡಿದ, ನನ್ನ ನೋಡಿದ.
ಆ ನೋಟ ನನಗೆ ಹದಿನಾರು ವರ್ಷದ ಪರಿಚಯ,
ಎದುರಿನಿಂದ. ಒಳಗಿನಿಂದ
ಇವತ್ತೇ ಮೊದಲು.
ಸ್ವಂತ ಪರ್ಸು ತೆಗೆದು ನಲವತ್ತು ಕೊಟ್ಟೆ.
"ಎರಡು ರೂಪಾಯಿ?" ಅಂದ.
ಇರಲಿ ಬಿಡಿ ಅಂದೆ. ಅವನು ಬಿಡಲಿಲ್ಲ,
ಎಲ್ಲೆಲ್ಲೋ ತಡಕಿ ಕೊಟ್ಟೇ ಇಳಿದ.

ರಾತ್ರಿ ಡಿಪೋದಲ್ಲಿ ಲೆಕ್ಕ ಒಪ್ಪಿಸಿ,
ಚಪ್ಪಲಿ ಕಳಚಿ ತಣ್ಣನೆ ಕಬ್ಬಿಣದ ಮೆಟ್ಟಿಲ ಮೇಲೆ ಕಾಲಿಟ್ಟು,
ಯಾರೋ ಎಸೆದ ಸೊನ್ನೆ ರೂಪಾಯಿ ಟಿಕೆಟ್ಟನ್ನು ಎತ್ತಿಕೊಂಡೆ.
ಹಿಂದೆ ಬರೆದೆ: 2190.
ಸುತ್ತ ಗೆರೆ ಎಳೆದೆ.
ನೇರಳೆ ಕಾರ್ಡಿಗೆ ಮಡಚಿ ಸುತ್ತಿದೆ.
ಕೊಡಬೇಕಾದವರು ಯಾವ ಸ್ಟಾಪಿನಲ್ಲಿ ಇಳಿಯುತ್ತಾರೋ,
ಕರಿಬಸಣ್ಣನಿಗೂ ಗೊತ್ತಿಲ್ಲ.